ಇಲಿರಾಯನ ಬ್ಲಡ್ ರಿಪೋರ್ಟ್

ಆಂಡರ್ಸನ್‌ಪೇಟೆಯ ಯಾವ ಮನೆಯ ಬೀರು ತೆಗೆದರೂ ರೇಷನ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡುಗಳ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಕವರು ಸಿಕ್ಕೇ ಸಿಗುತ್ತದೆ. ಒಳಗೆ ತಾತನದೋ ಅಜ್ಜಿಯದೋ ಬ್ಲಡ್ ರಿಪೋರ್ಟು. ಅದರಲ್ಲಿ ಮೂರು ಸಾಲು ಇರುತ್ತವೆ. ಮೊದಲನೆಯದು ಪರೀಕ್ಷೆಯ ಹೆಸರು. ಎರಡನೆಯದು ತಾತನ ಅಂಕಿ. ಮೂರನೆಯದನ್ನು ಯಾರೂ ಅಷ್ಟಾಗಿ ಓದುವುದಿಲ್ಲ: ‘13ರಿಂದ 17’, ‘1.5 ಲಕ್ಷದಿಂದ 4.5 ಲಕ್ಷ’ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ತಾತನ ಹಿಮೋಗ್ಲೋಬಿನ್ 11 ಬಂದರೆ ‘ಕಡಿಮೆ’ ಎಂದು ಡಾಕ್ಟರು ಹೇಳುವುದು ಆ ಮೂರನೇ ಸಾಲನ್ನು ನೋಡಿಯೇ.

ಆದರೆ 13ರಿಂದ 17 ಇರಬೇಕು ಎಂದು ಹೇಳಿದವರು ಯಾರು? ಮೊಮ್ಮಕ್ಕಳು ಇಂಥ ಪ್ರಶ್ನೆ ಕೇಳಿದರೆ ತಾತಂದಿರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಪ್ರಶ್ನೆ ಚೆನ್ನಾಗಿಯೇ ಇದೆ. ಉತ್ತರ ಹುಡುಕಲು ಮನುಷ್ಯರಿಗಿಂತ ಸುಲಭವಾದ ದಾರಿಯೊಂದಿದೆ: ಪ್ರಯೋಗಾಲಯದ ಬಿಳಿ ಇಲಿ. ಅದಕ್ಕೂ ಬ್ಲಡ್ ರಿಪೋರ್ಟು ಉಂಟು, ಅದರಲ್ಲೂ ಮೂರನೇ ಸಾಲು ಉಂಟು.

ಬಿಳಿ ಇಲಿ ಎಂದರೆ ನಮ್ಮ ಚರಂಡಿಯ ಹೆಗ್ಗಣವಲ್ಲ. ಹೆಗ್ಗಣದ ಕುಲವೇ ಬೇರೆ. (ಇಂಗ್ಲಿಷಿನವರು ಅದನ್ನು ಬ್ಯಾಂಡಿಕೂಟ್ ಅನ್ನುತ್ತಾರೆ. ಅದು ತೆಲುಗಿನ ‘ಪಂದಿಕೊಕ್ಕು’, ಅಂದರೆ ಹಂದಿಯಿಲಿ ಎಂಬುದರಿಂದ ಹೋದ ಮಾತು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಎರಡು ಭಾಷೆ ಆಡುವ ನಮ್ಮ ಕೆಜಿಎಫ್ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಪ್ರಯೋಗಾಲಯದ ಇಲಿ ಕಂದು ಇಲಿಯ ವಂಶದ್ದು. ಮೈ ಹಾಲಿನಂತೆ ಬಿಳುಪು, ಕಣ್ಣು ಕೆಂಪು, ಸ್ವಭಾವ ಸಾಧು. ಅದಕ್ಕೆ ಪಿತ್ತಕೋಶ ಇಲ್ಲ. ವಾಂತಿ ಮಾಡಲು ಬರುವುದಿಲ್ಲ. ನಮಗೆ ನೆಲ್ಲಿಕಾಯಿ, ನಿಂಬೆಹಣ್ಣಿನಿಂದ ಬರಬೇಕಾದ ಸಿ ವಿಟಮಿನ್ನನ್ನು ಅದು ತನ್ನ ಮೈಯಲ್ಲೇ ತಯಾರಿಸಿಕೊಳ್ಳುತ್ತದೆ. ಆರೋಗ್ಯ ಕೆಟ್ಟಾಗ ಅಥವಾ ಹೆದರಿಕೆ ಹೆಚ್ಚಾದಾಗ ಅದರ ಕಣ್ಣು, ಮೂಗಿನ ಸುತ್ತ ಕೆಂಪಗೆ ಒಸರುತ್ತದೆ. ಹೊಸಬರು ‘ಅಯ್ಯೋ ರಕ್ತ!’ ಎಂದು ಗಾಬರಿಯಾಗುತ್ತಾರೆ. ಅದು ರಕ್ತವಲ್ಲ, ಕಣ್ಣಿನ ಹಿಂದಿನ ಒಂದು ಗ್ರಂಥಿಯ ಬಣ್ಣ.

ಈಗ ಅದರ ರಿಪೋರ್ಟು ನೋಡೋಣ. ನಮ್ಮ ತಾತನ ಹೃದಯ ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ. ಇಲಿಯದು 250ರಿಂದ 450. ಉಸಿರು ನಿಮಿಷಕ್ಕೆ 70ರಿಂದ 115. ರಕ್ತದಲ್ಲಿ ಒಂದು ರಾಗಿಕಾಳಿನಷ್ಟು ಹನಿ ತೆಗೆದರೆ, ಅಂದರೆ ಸುಮಾರು ಒಂದು ಘನ ಮಿಲಿಮೀಟರ್, ಅದರಲ್ಲಿ ನಮಗೆ 45–55 ಲಕ್ಷ ಕೆಂಪು ರಕ್ತಕಣ. ಇಲಿಗೆ 70 ಲಕ್ಷದಿಂದ 1 ಕೋಟಿ! ಡೆಂಗೆ ಬಂದ ಮನೆಯವರೆಲ್ಲ ಬಾಯಿಪಾಠ ಮಾಡಿರುವ ಪ್ಲೇಟ್‌ಲೆಟ್ಟು ನಮಗೆ 1.5ರಿಂದ 4.5 ಲಕ್ಷ. ಇಲಿಗೆ 5 ಲಕ್ಷದಿಂದ 13 ಲಕ್ಷ. ಇಲಿಯ ರಿಪೋರ್ಟನ್ನು ಗೊತ್ತಿಲ್ಲದೆ ಮನುಷ್ಯರ ಡಾಕ್ಟರ ಮುಂದೆ ಇಟ್ಟರೆ, ‘ಈ ರೋಗಿಯನ್ನು ಈಗಲೇ ಅಡ್ಮಿಟ್ ಮಾಡಿ’ ಎಂದುಬಿಡುತ್ತಾರೆ. ಇಲಿಯೋ ಆರಾಮಾಗಿ ಮೀಸೆ ತೀಡಿಕೊಳ್ಳುತ್ತಿರುತ್ತದೆ.

ಇಷ್ಟು ವೇಗ ಏಕೆ? ಒಂದು ದೊಡ್ಡ ಮುದ್ದೆ, ಒಂದು ನಿಂಬೆಗಾತ್ರದ ಪುಟ್ಟ ಮುದ್ದೆ ಪಕ್ಕಪಕ್ಕ ಇಟ್ಟು ನೋಡಿ. ಪುಟ್ಟದು ಬೇಗ ಆರುತ್ತದೆ, ದೊಡ್ಡದರ ನಡುವೆ ಬೆರಳಿಟ್ಟರೆ ಇನ್ನೂ ಸುಡುತ್ತದೆ. ಸಣ್ಣ ಮೈ ಬೇಗ ಬಿಸಿ ಕಳೆದುಕೊಳ್ಳುತ್ತದೆ. ಇಲಿಯ ಮೈ ಬಿಸಿಯೂ ಹೆಚ್ಚುಕಡಿಮೆ ನಮ್ಮಷ್ಟೇ, ಸುಮಾರು 37 ಡಿಗ್ರಿ. ಅದನ್ನು ಉಳಿಸಿಕೊಳ್ಳಲು ಒಳಗಿನ ಒಲೆ ಜೋರಾಗಿ ಉರಿಯಬೇಕು. ಒಲೆಗೆ ಗಾಳಿ ಬೇಕು, ಗಾಳಿಯನ್ನು ಹೊರಲು ರಕ್ತ ಓಡಬೇಕು. ಹಾಗೆ ಓಡಿ ಓಡಿಯೇ ಏನೋ, ಇಲಿಯ ಕೆಂಪು ಕಣದ ಆಯಸ್ಸು ಸುಮಾರು 60 ದಿನ, ನಮ್ಮದು 120. ಇಲಿಯ ಆಯಸ್ಸೂ ಎರಡೂವರೆ-ಮೂರು ವರ್ಷ ಅಷ್ಟೇ.

ಈ ಲೆಕ್ಕಗಳನ್ನು ಮೊದಲು ಹಟ ಹಿಡಿದು ಒಟ್ಟುಗೂಡಿಸಿದವರು ಅಮೆರಿಕದ ಹೆನ್ರಿ ಡೊನಾಲ್ಡ್‌ಸನ್. 1906ರಲ್ಲಿ ಅವರು ಷಿಕಾಗೊ ಬಿಟ್ಟು ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಗೆ ಹೋದರು. ಜೊತೆಯಲ್ಲಿ ಬಿಳಿ ಇಲಿಗಳನ್ನೂ ಒಯ್ದರು. ಹುಟ್ಟಿದ ದಿನದಿಂದ ಇಲಿ ಎಷ್ಟು ತೂಗುತ್ತದೆ, ಬಾಲ ಎಷ್ಟುದ್ದ, ಮಿದುಳು ಎಷ್ಟು ಗ್ರಾಂ, ಯಕೃತ್ತು ಎಷ್ಟು ಎಂದು ವರ್ಷಗಟ್ಟಲೆ ಅಳೆದರು. 1915ರಲ್ಲಿ ಅದೆಲ್ಲ ಒಂದು ಪುಸ್ತಕವಾಯಿತು. ಹೆಸರು ‘ದಿ ರ್‍ಯಾಟ್’, ಇಲಿ, ಅಷ್ಟೇ. ತುಂಬ ಕೋಷ್ಟಕಗಳು. ಓದಲು ಪಂಚಾಂಗದಷ್ಟೇ ರಸವತ್ತು, ಆದರೆ ಪಂಚಾಂಗದಂತೆಯೇ ಅದಿಲ್ಲದೆ ಕೆಲಸ ಸಾಗದು. ಇಲಿ ಮನುಷ್ಯನಿಗಿಂತ 30 ಪಟ್ಟು ವೇಗವಾಗಿ ಬೆಳೆಯುತ್ತದೆ ಎಂಬ ಲೆಕ್ಕವನ್ನು ಹಾಕಿದವರೂ ಅವರೇ. ಹಾಗೆ ನೋಡಿದರೆ ಮೂರು ವರ್ಷದ ಇಲಿ ಎಂದರೆ 90 ದಾಟುತ್ತಿರುವ ಮುತ್ತಜ್ಜ. ಇಂದಿಗೂ ‘ವಿಸ್ಟಾರ್ ಇಲಿ’ ಎಂಬ ಹೆಸರು ಪ್ರಪಂಚದ ಪ್ರಯೋಗಾಲಯಗಳಲ್ಲೆಲ್ಲ ಚಾಲ್ತಿಯಲ್ಲಿದೆ.

ಮೂರನೇ ಸಾಲಿನ ಅಂಕಿ ಹೇಗೆ ಸಿದ್ಧವಾಗುತ್ತದೆ? ಶಾಲೆಯ ಪ್ರಾರ್ಥನೆಗೆ ಎತ್ತರದ ಪ್ರಕಾರ ಸಾಲು ನಿಲ್ಲಿಸುವುದಿಲ್ಲವೇ, ಹಾಗೆಯೇ. ಆರೋಗ್ಯವಾಗಿರುವ 120 ಇಲಿಗಳ ರಕ್ತ ಪರೀಕ್ಷಿಸಿ. ಹಿಮೋಗ್ಲೋಬಿನ್ ಎಲ್ಲಕ್ಕಿಂತ ಕಡಿಮೆ ಇರುವುದನ್ನು ಮುಂದೆ, ಎಲ್ಲಕ್ಕಿಂತ ಹೆಚ್ಚಿರುವುದನ್ನು ಕೊನೆಯಲ್ಲಿ ನಿಲ್ಲಿಸಿ. ಈಗ ಮುಂದಿನ 3, ಹಿಂದಿನ 3 ಇಲಿಗಳನ್ನು ಸಾಲಿನಿಂದ ಈಚೆ ಕರೆಯಿರಿ. ಉಳಿದ 114ರ ಮೊದಲನೆಯದರ ಅಂಕಿಯಿಂದ ಕೊನೆಯದರ ಅಂಕಿಯವರೆಗೆ ಇರುವುದೇ ‘ಸಾಮಾನ್ಯ ಮಟ್ಟ’. ನೂರಕ್ಕೆ 95 ಒಳಗೆ, 5 ಹೊರಗೆ. ಮನುಷ್ಯರಿಗೂ ಇದೇ ಪದ್ಧತಿ, ಸಾಮಾನ್ಯವಾಗಿ ಕನಿಷ್ಠ 120 ಮಂದಿ ಬೇಕೆಂಬ ನಿಯಮವೂ ಇದೇ.

ಇಲ್ಲಿ ಒಂದು ತಮಾಷೆ ಗಮನಿಸಿದಿರಾ? ಹೊರಗೆ ಕರೆದ ಆ 6 ಇಲಿಗಳಿಗೆ ಯಾವ ರೋಗವೂ ಇರಲಿಲ್ಲ! ಆರೋಗ್ಯವಾಗಿರುವ 20 ಮಂದಿಯಲ್ಲಿ ಒಬ್ಬರ ಅಂಕಿ ಗೆರೆಯ ಆಚೆ ಬಿದ್ದೇ ಬೀಳುವಂತೆ ಆ ಗೆರೆಯನ್ನು ಎಳೆಯಲಾಗಿದೆ. ಒಬ್ಬರಿಗೇ ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಏನೂ ಕಾಯಿಲೆ ಇಲ್ಲದಿದ್ದರೂ ಯಾವುದಾದರೊಂದು ಅಂಕಿ ದಪ್ಪಕ್ಷರದಲ್ಲಿ ಬರುವ ಸಂಭವ ಮೂರರಲ್ಲಿ ಎರಡು ಪಾಲಿನ ಹತ್ತಿರ. ರಿಪೋರ್ಟಿನ ದಪ್ಪಕ್ಷರ ನೋಡಿ ರಾತ್ರಿಯೆಲ್ಲ ನಿದ್ದೆಗೆಡುವ ಅಜ್ಜಿಯರು ಇದನ್ನೊಮ್ಮೆ ಓದಬೇಕು. ಡಾಕ್ಟರಿಗೆ ತೋರಿಸುವುದನ್ನು ಮಾತ್ರ ಬಿಡಬಾರದು. 1969ರ ಹೊತ್ತಿಗೆ ಫಿನ್ಲೆಂಡಿನ ರಾಲ್ಫ್ ಗ್ರಾಸ್‌ಬೆಕ್ ಮತ್ತು ಅವರ ಸಂಗಡಿಗರು ‘ನಾರ್ಮಲ್’ ಎಂಬ ಮಾತೇ ಬೇಡ, ‘ಹೋಲಿಸಿ ನೋಡುವ ಅಂಕಿ’ ಎನ್ನೋಣ ಎಂದರು. ಸರಿಯಾದ ಮಾತು. ಆದರೂ ನಮ್ಮ ಬಾಯಲ್ಲಿ ಇನ್ನೂ ‘ನಾರ್ಮಲ್ಲೇ’ ಓಡಾಡುತ್ತಿದೆ.

ಲೆಕ್ಕ ಸುಲಭ, ಅಳತೆ ಕಷ್ಟ. ಇಲಿಯನ್ನು ಗಬಕ್ಕನೆ ಹಿಡಿದರೆ ಸಾಕು, ಹೆದರಿ ಅದರ ಸಕ್ಕರೆ ಏರುತ್ತದೆ, ಎದೆಬಡಿತ ಏರುತ್ತದೆ. ಆಗ ಅಳೆದದ್ದು ಇಲಿಯನ್ನಲ್ಲ, ಅದರ ಭಯವನ್ನು. ಅದಕ್ಕೇ ಮೊದಲು ಕೆಲವು ದಿನ ಕೈಯಲ್ಲಿ ಎತ್ತಿ, ಸವರಿ ರೂಢಿ ಮಾಡಿಸುತ್ತಾರೆ. ರಕ್ತವನ್ನು ಬಾಲದ ನಾಳದಿಂದ ತೆಗೆಯುವುದುಂಟು. ಬಾಲ ತಣ್ಣಗಿದ್ದರೆ ನಾಳ ಕಾಣುವುದಿಲ್ಲ, ಮೆಲ್ಲಗೆ ಬೆಚ್ಚಗೆ ಮಾಡಬೇಕು. ಕಾಲು ಕಿಲೋ ತೂಗುವ ಇಲಿಯ ಮೈಯಲ್ಲಿ ಇರುವ ರಕ್ತ ಸುಮಾರು 16 ಮಿಲಿಲೀಟರ್, ಮೂರು ಟೀ ಚಮಚಕ್ಕಿಂತ ಒಂದಿಷ್ಟು ಹೆಚ್ಚು. ಅದರಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಒಂದೇ ಸಲ ತೆಗೆಯಬಾರದು. ಇನ್ನು ಇಲಿ ರಾತ್ರಿಯ ಜೀವಿ. ಹಗಲು ನಿದ್ದೆ, ರಾತ್ರಿ ತಿರುಗಾಟ. ಬೆಳಿಗ್ಗೆ ತೆಗೆದ ಅಂಕಿ, ರಾತ್ರಿ ತೆಗೆದ ಅಂಕಿ ಒಂದೇ ಅಲ್ಲ. ಗಂಡಿಗೂ ಹೆಣ್ಣಿಗೂ ಒಂದೇ ಅಲ್ಲ. ಮರಿಗೂ ಮುದಿಗೂ ಅಲ್ಲ. ವಂಶ ಬದಲಾದರೆ, ಆಹಾರ ಬದಲಾದರೆ, ಪರೀಕ್ಷೆಯ ಯಂತ್ರ ಬದಲಾದರೂ ಪಟ್ಟಿ ಬದಲಾಗುತ್ತದೆ. ಡೊನಾಲ್ಡ್‌ಸನ್ನರ ಪಟ್ಟಿಯನ್ನು ತಂದು ಇಲ್ಲಿಯ ಇಲಿಗೆ ಕಣ್ಣುಮುಚ್ಚಿ ಹೊಂದಿಸುವಂತಿಲ್ಲ. ಪ್ರತಿ ಪ್ರಯೋಗಾಲಯವೂ ತನ್ನ ಇಲಿಗಳನ್ನು ತಾನೇ ಅಳೆದುಕೊಳ್ಳುವುದು ಒಳ್ಳೆಯದು ಎನ್ನುವುದು ಅದಕ್ಕೇ.

ಇಷ್ಟೆಲ್ಲ ತಾಪತ್ರಯ ಏಕೆ, ಇಲಿಯ ರಕ್ತ ತಿಳಿದು ನಮಗೇನಾಗಬೇಕು ಎನ್ನುವಿರಾ? ಆ ಸಾಲಿನಲ್ಲಿ ಯಾರನ್ನು ನಿಲ್ಲಿಸುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇದನ್ನು ಕೆಜಿಎಫ್‌ನವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ನಮ್ಮ ಚಿನ್ನ ಸುಮ್ಮನೆ ಮಣ್ಣಿನಲ್ಲಿ ಸಿಗುತ್ತಿರಲಿಲ್ಲ. ಗಟ್ಟಿ ಬೆಣಚುಕಲ್ಲಿನೊಳಗೆ ಅಡಗಿತ್ತು. ಅದನ್ನು ಕೊರೆದು, ಸಿಡಿಸಿ, ಪುಡಿಮಾಡುವಾಗ ಏಳುವ ಸಿಲಿಕಾ ಧೂಳು ಕಣ್ಣಿಗೆ ಕಾಣದಷ್ಟು ನವುರು. ಅದು ಉಸಿರಿನೊಡನೆ ಶ್ವಾಸಕೋಶದ ತಳದ ಗಾಳಿಗೂಡುಗಳವರೆಗೆ ಹೋಗುತ್ತದೆ. ಅಲ್ಲಿಯ ಕಾವಲು ಕಣಗಳು ಧೂಳನ್ನು ನುಂಗುತ್ತವೆ, ನುಂಗಿ ಸಾಯುತ್ತವೆ. ಸತ್ತಲ್ಲಿ ಗಾಯದ ಕಲೆಯಂತೆ ಗಂಟು ಕಟ್ಟುತ್ತದೆ. ವರ್ಷಗಳು ಕಳೆದಂತೆ ಶ್ವಾಸಕೋಶ ಹಿಗ್ಗುವುದನ್ನೇ ಮರೆಯುತ್ತದೆ. ಇದೇ ಸಿಲಿಕೋಸಿಸ್. ಒಮ್ಮೆ ಬಂದರೆ ಹೋಗುವುದಿಲ್ಲ.

ಒಂದು ಕಾಲಕ್ಕೆ ಇಲ್ಲಿಯ ಮನೆಮನೆಯಲ್ಲೂ ಒಂದು ಮಾತಿತ್ತು: ‘ಮೈನ್ಸ್‌ನಾಗೆ ದುಡಿದೋರಿಗೆ ಕೆಮ್ಮು ಇರೋದೇ ಬಿಡು.’ ಹಾಗಂದರೆ ಕೆಮ್ಮು ‘ನಾರ್ಮಲ್’ ಎಂದಂತಾಯಿತು. 1940ರಿಂದ 46ರವರೆಗೆ ಕೋಲಾರ ಚಿನ್ನದ ಗಣಿಗಳ 7,653 ಮಂದಿಯನ್ನು ಪರೀಕ್ಷಿಸಿದಾಗ ನೂರಕ್ಕೆ ಸುಮಾರು 44 ಮಂದಿಗೆ ಸಿಲಿಕೋಸಿಸ್ ಇತ್ತು. ಈಗ ಲೆಕ್ಕ ಹಾಕಿ. ಈ ಜನರನ್ನೇ ಸಾಲು ನಿಲ್ಲಿಸಿ, ಮುಂದಿನ ಕೆಲವರನ್ನೂ ಹಿಂದಿನ ಕೆಲವರನ್ನೂ ತೆಗೆದು, ಉಳಿದವರ ಉಸಿರಿನ ಬಲವೇ ‘ಸಾಮಾನ್ಯ ಮಟ್ಟ’ ಎಂದು ಬರೆದಿದ್ದರೆ? ಹೆಚ್ಚುಕಡಿಮೆ ಅರ್ಧ ಸಾಲು ರೋಗಿಗಳದ್ದು. ರೋಗವೇ ಆರೋಗ್ಯದ ಅಳತೆಗೋಲಾಗಿಬಿಡುತ್ತಿತ್ತು. ಶಿಫ್ಟ್ ಮುಗಿಸಿ ಶಾಫ್ಟಿನಿಂದ ಮೇಲೆ ಬಂದು ಏದುಸಿರು ಬಿಡುವ ಮನುಷ್ಯನಿಗೆ ‘ನಿನಗೇನೂ ಆಗಿಲ್ಲ, ಎಲ್ಲರಂತೆಯೇ ಇದ್ದೀಯ’ ಎಂದು ಹೇಳಿ ಕಳಿಸಬಹುದಿತ್ತು. ಪರಿಹಾರದ ಮಾತು ಆಮೇಲಿನದು. ಕಾಯಿಲೆ ಇದೆ ಎಂದು ಒಪ್ಪಿಕೊಳ್ಳುವುದಕ್ಕೇ ಧೂಳು ಕುಡಿಯದ ಎದೆ ಹೇಗಿರುತ್ತದೆ ಎಂದು ತಿಳಿದಿರಬೇಕು.

ಧೂಳೇ ಕಾರಣವೋ, ಬೀಡಿಯೋ, ಕ್ಷಯವೋ ಎಂದು ಮನುಷ್ಯರಲ್ಲಿ ಬಿಡಿಸಿ ಹೇಳುವುದು ಕಷ್ಟ. ಒಬ್ಬೊಬ್ಬರ ಬದುಕು ಒಂದೊಂದು ಥರ. ಅಲ್ಲಿಗೆ ಇಲಿ ಬಂತು. ಒಂದೇ ವಂಶದ, ಒಂದೇ ವಯಸ್ಸಿನ, ಒಂದೇ ಆಹಾರದ ಇಲಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೆಣಚುಕಲ್ಲಿನ ಧೂಳು, ಇನ್ನೊಂದಕ್ಕೆ ಶುದ್ಧ ಗಾಳಿ. ಬೇರೆ ಬೇರೆ ದೇಶಗಳಲ್ಲಿ ನಡೆದ ಇಂಥ ಪ್ರಯೋಗಗಳಲ್ಲಿ ಧೂಳು ಸೇರಿದ ಇಲಿಯ ಶ್ವಾಸಕೋಶವೂ ಗಂಟು ಕಟ್ಟಿತು, ತೂಕ ಏರಿತು. ತೂಕ ಏರಿತು ಎಂದು ಹೇಳಲು ಏರದ ತೂಕ ಎಷ್ಟೆಂದು ಗೊತ್ತಿರಬೇಕಷ್ಟೆ? ಆ ಮೂರನೇ ಸಾಲು ಕೆಲಸಕ್ಕೆ ಬಂದದ್ದು ಇಲ್ಲಿ. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಅಂಡರ್‌ಗ್ರೌಂಡ್ ಇಳಿದ ತಾತಂದಿರು ಎದೆಯ ಎಕ್ಸ್-ರೇ ಮಾಡಿಸಿಕೊಳ್ಳುವಾಗ ತಾವು ಎಲ್ಲಿ, ಎಷ್ಟು ವರ್ಷ ದುಡಿದೆವು ಎಂಬುದನ್ನು ಡಾಕ್ಟರಿಗೆ ಇಂದಿಗೂ ಹೇಳುವುದು ಒಳ್ಳೆಯದು.

ಇನ್ನೊಂದು ಕಥೆ ನಮ್ಮ ತಟ್ಟೆಗೆ ಸಂಬಂಧಿಸಿದ್ದು, ಅದರಲ್ಲಿ ಕನ್ನಡಿಗರ ಹೆಸರೂ ಇದೆ. ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯರಿದ್ದರು. 1918ರಲ್ಲಿ ಬೆರಿಬೆರಿ ಕಾಯಿಲೆಯ ತನಿಖೆಗೆಂದು ಒಂದು ಪುಟ್ಟ ಪ್ರಯೋಗಾಲಯ ಶುರುಮಾಡಿದವರು. ಅವರು ಇಲಿಗಳಿಗೆ ಅಡುಗೆ ಮಾಡಿ ಹಾಕುತ್ತಿದ್ದರು. ನಿಜವಾಗಿ! ಏಳು ಗುಂಪು, ಗುಂಪಿಗೆ 20 ಎಳೆ ಇಲಿ. ಒಂದೊಂದು ಗುಂಪಿಗೂ ಭಾರತದ ಒಂದೊಂದು ಸೀಮೆಯ ಜನರ ಊಟ. ಕೆಲವು ತಿಂಗಳ ನಂತರ ತೂಗಿದಾಗ ಸರಾಸರಿ ಹೀಗಿತ್ತು: ಸಿಖ್ಖರ ಊಟದ ಇಲಿ 235 ಗ್ರಾಂ, ಪಠಾಣರದು 230, ಮರಾಠರದು 225, ಗೂರ್ಖರದು 200, ಕನ್ನಡಿಗರದು 185, ಬಂಗಾಳಿಗಳದು 180, ಮದರಾಸಿಗಳದು 155.

ಆಂಡರ್ಸನ್‌ಪೇಟೆಯ ಒಂದೇ ಓಣಿಯಲ್ಲಿ ಆ 185 ಗ್ರಾಮಿನವರೂ 155 ಗ್ರಾಮಿನವರೂ ಎದುರುಬದುರು ಮನೆಯಲ್ಲಿದ್ದಾರೆ, ಜಗಳ ಬೇಡ! ಸಿಖ್ಖರ ಊಟದಲ್ಲಿ ಇಡೀ ಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿ ಇದ್ದವು. ಮದರಾಸಿನದರಲ್ಲಿ ಪಾಲಿಷ್ ಮಾಡಿ ತೊಳೆದ ಅಕ್ಕಿಯೇ ಹೆಚ್ಚು, ಹಾಲು ತರಕಾರಿ ಕಡಿಮೆ. ಒಂದು ಸೀಮೆಯ ಎಲ್ಲರೂ ಒಂದೇ ಊಟ ಉಣ್ಣುವುದಿಲ್ಲ, ಆ ಹೆಸರುಗಳನ್ನು ಗಂಭೀರವಾಗಿ ಹಚ್ಚಿಕೊಳ್ಳಬೇಕಿಲ್ಲ. ನನಗೆ ಹಿಡಿಸುವುದು ಬೇರೆ ಸಂಗತಿ. ಕೂನೂರಿನಲ್ಲಿ ಬರೀ ಪಾಲಿಷ್ ಅಕ್ಕಿಯ ಇಲಿಗಳಷ್ಟೇ ಇದ್ದಿದ್ದರೆ, ‘ಇಲಿ ಎಂದರೆ 155 ಗ್ರಾಂ’ ಎಂದು ಪುಸ್ತಕದಲ್ಲಿ ಬರೆದುಬಿಡುತ್ತಿದ್ದರು. ಪಕ್ಕದ ಗೂಡಿನಲ್ಲಿ 235 ಇದ್ದದ್ದರಿಂದ 155 ಎಂಬುದು ಕೊರತೆ ಎಂದು ಗೊತ್ತಾಯಿತು.

ಮೆಕ್‌ಕ್ಯಾರಿಸನ್ ಹೋಲಿಕೆಗೆಂದು ಸಾವಿರಕ್ಕೂ ಮಿಕ್ಕಿ ಇಲಿಗಳ ಒಂದು ದೊಡ್ಡ ಸಂಸಾರವನ್ನೇ ಸಾಕಿದ್ದರು. ಬೆಣ್ಣೆ ಸವರಿದ ಚಪಾತಿ, ಮೊಳಕೆ ಕಡಲೆ, ಹಸಿ ತರಕಾರಿ, ಹಾಲು, ವಾರಕ್ಕೊಮ್ಮೆ ಚೂರು ಮಾಂಸ, ಚೊಕ್ಕಟ ಗೂಡು, ದಿನಾ ಎಳೆಬಿಸಿಲು. ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಸಂಸಾರದಲ್ಲಿ ಕಾಯಿಲೆ ಕಾಣಿಸಲಿಲ್ಲ ಎಂದು ಅವರು ಬರೆದರು. ಕೆಲವರು ಅದನ್ನು ಉತ್ಪ್ರೇಕ್ಷೆ ಎಂದಾರು. ಆದರೆ ‘ಆರೋಗ್ಯವಂತ ಇಲಿ ಹೇಗಿರುತ್ತದೆ’ ಎಂಬ ಪ್ರಶ್ನೆಗೆ ಇಷ್ಟು ಶ್ರದ್ಧೆಯಿಂದ ಉತ್ತರ ಹುಡುಕಿದವರು ಕಡಿಮೆ.

ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಯಿತು. ಈಗ ಅದು ರಾಷ್ಟ್ರೀಯ ಪೋಷಣಾ ಸಂಸ್ಥೆ. ಕೂನೂರಿನ ಕಾಲದಿಂದ ಬಂದ ವಿಸ್ಟಾರ್ ಇಲಿಗಳ ವಂಶ ಅಲ್ಲಿ ಮುಂದುವರಿದಿದೆ. 1990ರ ದಶಕದಲ್ಲಿ ಆ ಸಂಸಾರದಲ್ಲಿ ಕೆಲವು ಮರಿಗಳು ಅಣ್ಣತಮ್ಮಂದಿರಿಗಿಂತ ವಿಪರೀತ ದಪ್ಪಗಾಗತೊಡಗಿದವು. ದೊಡ್ಡವಾದಾಗ ಕೆಲವು ಒಂದು ಕಿಲೋ ದಾಟಿದವು, ಸಾಮಾನ್ಯ ಇಲಿಯ ಎರಡು-ಮೂರು ಪಟ್ಟು. ಯಾವ ವಯಸ್ಸಿಗೆ ಎಷ್ಟು ತೂಕ ಎಂಬ ಪಟ್ಟಿ ಕೈಯಲ್ಲಿದ್ದವರಿಗೆ ಇದು ಹೊಟ್ಟೆಬಾಕತನವಷ್ಟೇ ಅಲ್ಲ, ಹುಟ್ಟಿನಿಂದಲೇ ಬಂದ ಬದಲಾವಣೆ ಎಂದು ಹೊಳೆಯಿತು. ಬೊಜ್ಜು, ಸಕ್ಕರೆ ಕಾಯಿಲೆಗಳ ಅಧ್ಯಯನಕ್ಕೆ ಆ ದಢೂತಿ ಇಲಿಗಳು ಇಂದು ಹೆಸರಾಗಿವೆ.

ಇಲಿಗೆ ನೋವಾಗುವುದಿಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ಆಗುತ್ತದೆ. ಅದಕ್ಕೇ ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಕೆಳಗೆ ಒಂದು ಸಮಿತಿ ಇದೆ. ಒಪ್ಪಿಗೆ ಇಲ್ಲದೆ ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ಯಾವ ಸಂಸ್ಥೆಯೂ ಇಂಥ ಪ್ರಯೋಗ ಮಾಡುವಂತಿಲ್ಲ. ಇಲಿ ಇಲ್ಲದೆ ಆಗುವುದಾದರೆ ಹಾಗೆ ಮಾಡಿ, ಆಗದಿದ್ದರೆ ಕಡಿಮೆ ಇಲಿ ಬಳಸಿ, ಬಳಸಿದರೂ ನೋವು ತಗ್ಗಿಸಿ ಎಂದು 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು ಹೇಳಿದ್ದು ಈಗ ಎಲ್ಲೆಡೆ ಪಾಠ. ಒಳ್ಳೆಯ ಪಟ್ಟಿಯೊಂದು ಮೊದಲೇ ಇದ್ದರೆ, ಗೊತ್ತಿರುವುದನ್ನೇ ಮತ್ತೆ ತಿಳಿಯಲು ಇನ್ನಷ್ಟು ಇಲಿಗಳನ್ನು ಚುಚ್ಚಬೇಕಾಗಿಲ್ಲ.

ನಿಮ್ಮ ಮನೆಯ ಪಟ್ಟಿಯನ್ನು ನೀವೇ ಮಾಡಬಹುದು, ಸೂಜಿ ಬೇಡ. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡಕ್ಕೆ ಎರಡು ಬೆರಳಿಟ್ಟು ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. (ಹೆಬ್ಬೆರಳಿಂದ ಎಣಿಸಬೇಡಿ, ಅದರದ್ದೇ ಮಿಡಿತ ಸೇರಿಕೊಳ್ಳುತ್ತದೆ.) ತಾತ, ಅಜ್ಜಿ, ಅಪ್ಪ, ಅಮ್ಮ, ನೀವು, ತಂಗಿ, ಎಲ್ಲರದ್ದೂ ಹತ್ತು ದಿನ, ಬೆಳಿಗ್ಗೆ ಎದ್ದ ಕೂಡಲೇ, ಕಾಫಿ ಕುಡಿಯುವ ಮೊದಲು. ಪುಟ್ಟ ತಂಗಿಯದು ತಾತನದಕ್ಕಿಂತ ಬೇಗ ಇರುತ್ತದೆ, ಮುದ್ದೆಯ ಲೆಕ್ಕ ನೆನಪಿದೆಯಲ್ಲ? ಒಂದು ದಿನ ಮೆಟ್ಟಿಲು ಹತ್ತಿಳಿದ ಮೇಲೂ ಎಣಿಸಿ ಬೇರೆ ಸಾಲಿನಲ್ಲಿ ಬರೆಯಿರಿ. ಬರೆದ ಹಾಳೆಯನ್ನು ಬೀರುವಿನ ಆ ಪ್ಲಾಸ್ಟಿಕ್ ಕವರಿಗೇ ಸೇರಿಸಿ. ಮುಂದಿನ ಸಲ ತಾತ ಡಾಕ್ಟರ ಬಳಿ ಹೋಗುವಾಗ ಹಳೆಯ ರಿಪೋರ್ಟುಗಳ ಜೊತೆ ಅದನ್ನೂ ಒಯ್ಯಲಿ. 120 ಮಂದಿ ಅಪರಿಚಿತರ ಅಂಕಿಗಿಂತ, ಹೋದ ವರ್ಷದ ತಾತನ ಅಂಕಿಯೇ ಡಾಕ್ಟರಿಗೆ ಹೆಚ್ಚು ಹೇಳುವುದುಂಟು. ಬೆಕ್ಕಿನ ನಾಡಿ ಎಣಿಸಲು ಹೋಗುವವರು ಮಾತ್ರ ಪರಚಿಸಿಕೊಳ್ಳಲು ಸಿದ್ಧರಾಗಿರಿ.